ಮದಿಮಗ

ಮುನಿರಾಬಾದಿನ ಈ ಕೋಣೆಗೆ ಫಾರ್ಮಲಿನ್ನಿನ ವಾಸನೆ
ನನಗಿಂತ ಮೊದಲೇ ಬಂದು ಕೂತಿತ್ತು.
ಇಪ್ಪತ್ತೊಂಬತ್ತು ವರ್ಷ ಒಂದೇ ಕುರ್ಚಿ ಹಂಚಿಕೊಂಡೆವು.
ನಾಳೆ ನಾನು ಏಳುತ್ತೇನೆ, ಅದು ಏಳುವುದಿಲ್ಲ.

ಬೀರುವಿನಿಂದ ಬಾಟಲಿ ಇಳಿಸುತ್ತಿದ್ದೇನೆ.
ಬಾಳೆಮೀನಿನ ಬಾಯಿ, ಹಾವುಮೀನಿನ ಸುರುಳಿ,
ಬಣ್ಣ ಬಿಟ್ಟುಕೊಟ್ಟು ಎಲ್ಲಕ್ಕೂ ಈಗ ಒಂದೇ ಹಳದಿ,
ಹಳೇ ಪಗಾರದ ಚೀಟಿಯ ಹಾಗೆ.

ಡ್ರಾಯರಿನಲ್ಲಿ ಅಬ್ಬಾನ ಭೂತಗನ್ನಡಿ.
ರಾಯಚೂರಿನ ತೀನ್ ಕಂದೀಲಿನ ಹತ್ತಿರ
ಮೂರು ಹೆಜ್ಜೆಯ ಅಂಗಡಿಯಲ್ಲಿ ಗಡಿಯಾರ ಬಿಚ್ಚುತ್ತಾ ಹೇಳುತ್ತಿದ್ದರು:
ಮುಳ್ಳು ನೋಡಬೇಡ ಬೇಟಿ, ಮುಳ್ಳಿನ ಹಿಂದೆ ನೋಡು.

ನಾನು ಮುಳ್ಳು ಬಿಡಿಸಿಯೇ ನೋಡಿದೆ.
ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ,
ಜೋಳದ ನುಚ್ಚಿನಷ್ಟು ಒಂದು ಕಲ್ಲು.
ಸೀಳಿ ಬೆಳಕಿಗೆ ಹಿಡಿದರೆ
ಸುತ್ತು ಸುತ್ತು ವರ್ಷಗಳು:
ನೀರು ಬಂದ ವರ್ಷ ಅಗಲ,
ಡ್ಯಾಮಿನ ತಳ ಕಂಡ ವರ್ಷ ಕೂದಲೆಳೆ.

ಮೊದಲ ಪ್ರಬಂಧದಲ್ಲಿ ಎರಡು ಜಾತಿ ಬರೆದಿದ್ದೆ.
ಬೂದುಗೆಂಡೆ: ಬೇಸಗೆ, ಕೆಸರು ತಳ, ಮಂಕು ಮೈ.
ಮದಿಮಗ: ಹೊಸನೀರಿನಲ್ಲಿ ಮಾತ್ರ, ಕೆಂಪು ಕೆನ್ನೆ,
ಮೂತಿಯ ತುಂಬ ಬಾಸಿಂಗದ ಮಣಿಯಂಥ ಬಿಳಿ ಗುಳ್ಳೆ.
ಕೋಷ್ಟಕ ಹದಿನಾಲ್ಕು, ನಕ್ಷೆ ಆರು.
ಹೈದರಾಬಾದಿನಲ್ಲಿ ಚಪ್ಪಾಳೆ ಬಿತ್ತು.

ಹರಿಗೋಲಿನ ಗಾದೆಪ್ಪನ ಅವ್ವ, ಹುಲಿಗೆವ್ವ,
ದಂಡೆಯಲ್ಲಿ ಮೀನು ಕೊಯ್ಯುತ್ತಿದ್ದವಳು
ಕೈ ಒರೆಸಿಕೊಂಡು ನನ್ನ ಚಿತ್ರಗಳನ್ನು ತೊಡೆಯ ಮೇಲಿಟ್ಟುಕೊಂಡಳು.
“ಎಲ್ಡೂ ಒಂದ ಅಲ್ಲೇನವ್ವಾ.
ಮದಿವಿ ದಿನ ಅರಿಷಿಣ ಹಚ್ಚಿದ್ರ
ನಮ್ಮ ಗಾದ್ಯಾ ಬ್ಯಾರೇರ ಮಗ ಆಗ್ತಾನೇನು?”

ಸಿಟ್ಟು ಬಂತು. ಊಟ ಸೇರಲಿಲ್ಲ.
ಬೂದುಗೆಂಡೆ ಎಂಟನ್ನು ತೊಟ್ಟಿಯಲ್ಲಿಟ್ಟು ನಾಲ್ಕು ತಿಂಗಳು ಕಾದೆ.
ಕೆಂಪು ನೀರು ಬಂದ ರಾತ್ರಿ ನಾನೇ ಕೊಡದಲ್ಲಿ ಹೊತ್ತು ಸುರಿದೆ.
ಮೂರನೇ ಬೆಳಗ್ಗೆ
ಐದರ ಕೆನ್ನೆಗೆ ರಂಗೇರಿತ್ತು.

ಪ್ರಬಂಧ ಹಿಂದಕ್ಕೆ ಪಡೆದ ಪತ್ರ ಹನ್ನೊಂದು ಸಾಲು.
ನಾನು ಬರೆದದ್ದರಲ್ಲಿ
ಇವತ್ತಿಗೂ ತಿದ್ದಬೇಕೆನಿಸದ್ದು ಅದೊಂದೇ.
ಕೊನೆಗೆ ಹುಲಿಗೆವ್ವನ ಹೆಸರು ಹಾಕಿದ್ದೆ.
ಯಾವ ಸಂಸ್ಥೆಯವರು ಎಂದು ಸಂಪಾದಕರು ಕೇಳಿದರು.
ಎಡದಂಡೆ, ಎಂದು ಬರೆದೆ.

ಆಮೇಲೆ ಕಾಟ್ಲಾ ಮರಿಗಳ ಲಾರಿ ಬಂತು.
ಜಿಲೇಬಿ ಯಾರೂ ಕರೆಯದೆ ಬಂತು.
ಒಂದು ವರ್ಷ ನೀರು ಹಸಿರು ಗಂಜಿಯಾಗಿ
ಹರಿಗೋಲಿನ ಹೊಟ್ಟೆಗೆ ಬಣ್ಣ ಬಳಿಯಿತು, ತೊಳೆದರೂ ಹೋಗಲಿಲ್ಲ.
ಹುಲಿಗೆವ್ವ ಹೋದಳು.
ಮದಿಮಗ ತಡವಾಗಿ ಬಂದ, ಬೆರಳೆಣಿಕೆಯಲ್ಲಿ ಬಂದ,
ಏಳು ವರ್ಷದಿಂದ ಆ ಕಾಲಮ್ಮಿನಲ್ಲಿ ಒಂದೇ ಪದ.

“ಮೇಡಂ, ಸೊನ್ನೆ ಹಾಕಲಾ?” ಹೊಸ ಹುಡುಗ ಶರಭಯ್ಯ ಕೇಳುತ್ತಾನೆ.
ಬೇಡಪ್ಪ.
ಸೊನ್ನೆ ನದಿ ಹೇಳಬೇಕಾದ ಮಾತು.
ಸಿಗಲಿಲ್ಲ ಎಂದು ಬರಿ.
ನಮ್ಮ ಬಲೆಗೆ ಗೊತ್ತಿರುವುದು ಅಷ್ಟೇ.

ಇವತ್ತು ಬೆಳಗ್ಗೆ ಕೊನೆಯ ಬಲೆ.
ಗಾದೆಪ್ಪನ ಒಂದು ಕಣ್ಣಿಗೆ ಪೊರೆ; ನೀರಿನ ಸದ್ದು ಕೇಳುತ್ತಲೇ ಹುಟ್ಟು ಹಾಕುತ್ತಾನೆ.
ಜಿಲೇಬಿ ನಲವತ್ತೊಂದು, ಕೊರವ ಎರಡು,
ಹರಿದ ಹವಾಯಿ ಚಪ್ಪಲಿ ಒಂದು.
ಬಲೆಯ ಕೊನೆ ಎತ್ತುವಾಗ ಭಾರವೊಂದು ಜಗ್ಗಿತು,
ಹೊರಳಿತು, ಜಾರಿತು.

ಮೂತಿ ಕೆಂಪಿತ್ತೆನ್ನಿಸಿತು.
ಗೇಟುಗಳ ಹಿಂದಿನಿಂದ ಸೂರ್ಯ ಆಗಷ್ಟೇ ಏಳುತ್ತಿದ್ದ,
ಚಪ್ಪಲಿಗೂ ಕೆಂಪು ಬಂದ ಹೊತ್ತು.

“ಕಂಡ್ರೇನ್ರಿ ಅಕ್ಕಾರ?”

ತೂಕವಿಲ್ಲ. ಉದ್ದವಿಲ್ಲ. ಹೊತ್ತು ಆರು ಹನ್ನೆರಡು.
ಸಿಗಲಿಲ್ಲ, ಎಂದು ಬರೆದು
ಶಾಯಿ ಒಣಗಿದ ಮೇಲೂ ಪುಸ್ತಕ ಮುಚ್ಚದೆ ಕೂತೆ.
ಗಾದೆಪ್ಪ ಹುಟ್ಟು ಮೇಲೆತ್ತಿದ.
ಹರಿಗೋಲು ತನ್ನಷ್ಟಕ್ಕೆ ತಾನು
ಒಂದು ಸುತ್ತು ತಿರುಗಿತು.